ಡಿಎನ್‌ಎ ಬರೀ ಕೋಡ್ ಅಲ್ಲ ಸ್ವಾಮಿ, ಬದು ಇರೋ ಗದ್ದೆ

‘ಡಿಎನ್‌ಎ ಅಂದ್ರೆ ಸೋರ್ಸ್ ಕೋಡ್.’ ನಮ್ಮ ಐಟಿ ಜನಕ್ಕೆ ಈ ಮಾತು ಬಲು ಇಷ್ಟ. ನಾಲ್ಕೇ ಅಕ್ಷರ, ಸಾಲಾಗಿ ಓದಿದರೆ ಮನುಷ್ಯ ರೆಡಿ! ಹೀಗೆ ಹೇಳುವವರೇ ಉಗುಳು ಕಳಿಸಿ ಡಿಎನ್‌ಎ ರಿಪೋರ್ಟ್ ತರಿಸಿಕೊಂಡು, ‘ಹೃದಯಕ್ಕೆ ಹಸಿರು, ಶುಗರ್‌ಗೆ ಹಳದಿ’ ಅಂತ ವಾಟ್ಸಾಪಿನಲ್ಲಿ ಹಂಚ್ತಾರೆ. ಕೋಡ್ ಬರೆದೇ ಹೊಟ್ಟೆ ಹೊರೆಯುವ ನಾನು ಹೇಳ್ತೀನಿ: ಈ ಹೋಲಿಕೆ ಅರ್ಧ ಸತ್ಯ. ಅಪಾಯ ಇರೋದೂ ಅದಕ್ಕೇ.

ಲೆಕ್ಕ ನೋಡಿ. ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಡಿಎನ್‌ಎ. ಅದರಲ್ಲಿ ಪ್ರೋಟೀನಿನ ಪಾಠ ಇರುವ ಭಾಗ ಶೇಕಡಾ 2ಕ್ಕಿಂತ ಕಡಿಮೆ. ಮಿದುಳಿಗೂ ಲಿವರಿಗೂ ಇರೋದು ಅದೇ ಪಾಠ. ಯಾವ ಜೀನ್ ಎಲ್ಲಿ, ಯಾವಾಗ ಏಳಬೇಕು ಅಂತ ಹೇಳುವ ತುಣುಕುಗಳಲ್ಲಿ ಮುಖ್ಯವಾದವು ಎನ್‌ಹಾನ್ಸರ್‌ಗಳು. ಅವು ಜೀನಿನ ಪಕ್ಕದಲ್ಲೇ ಇರಬೇಕೆಂದಿಲ್ಲ. ಕೈಕಾಲು ರೂಪಿಸುವ ‘ಸೋನಿಕ್ ಹೆಜ್‌ಹಾಗ್’ ಜೀನಿನ ಒಂದು ಎನ್‌ಹಾನ್ಸರ್ ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಇನ್ನೊಂದು ಜೀನಿನ ಒಳಗೆ ಕೂತಿದೆ. ಅಲ್ಲಿ ಒಂದೇ ಅಕ್ಷರ ಬದಲಾದರೂ ಆರನೇ ಬೆರಳು ಮೂಡಬಹುದು.

ಅಷ್ಟು ದೂರದಿಂದ ತನ್ನ ಜೀನನ್ನೇ ಮುಟ್ಟೋದು ಹೇಗೆ? ಇಲ್ಲಿ ಬರ್ತವೆ ಕೊಹೆಸಿನ್, ಸಿಟಿಸಿಎಫ್ ಅನ್ನೋ ಪ್ರೋಟೀನುಗಳು. ಉಂಗುರದಂಥ ಕೊಹೆಸಿನ್ ಡಿಎನ್‌ಎ ದಾರವನ್ನು ಎಳೆದು ಕುಣಿಕೆ ಮಾಡುತ್ತದೆ. ಸಿಟಿಸಿಎಫ್ ಕೂತ ಜಾಗದಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಕುಣಿಕೆಯೊಳಗಿನ ಭಾಗಗಳು ಪರಸ್ಪರ ಹೆಚ್ಚು ತಾಗುತ್ತವೆ, ಹೊರಗಿನವನ್ನು ಕಡಿಮೆ. ಗದ್ದೆಯ ಬದು ಇದ್ದ ಹಾಗೆ: ನಮ್ಮ ನೀರು ನಮ್ಮಲ್ಲೇ ನಿಲ್ಲಬೇಕು.

ಬದು ಒಡೆದರೆ? 2015ರಲ್ಲಿ ಬರ್ಲಿನ್ನಿನ ಸಂಶೋಧಕರು ತೋರಿಸಿದ್ದು ಅದನ್ನೇ. ಕೆಲವು ಕುಟುಂಬಗಳಲ್ಲಿ ಇಪಿಎಚ್‌ಎ4 ಜೀನಿನ ಬಳಿಯ ಗಡಿ ಕೆಟ್ಟು, ಅಲ್ಲಿನ ಎನ್‌ಹಾನ್ಸರ್‌ಗಳು ನೆರೆಯ ಜೀನನ್ನು ಎಬ್ಬಿಸಿದ್ದವು, ಬೆರಳುಗಳು ವಿಕಾರವಾಗಿದ್ದವು. 2016ರಲ್ಲಿ ಒಂದು ಬಗೆಯ ಮಿದುಳು ಗೆಡ್ಡೆಯಲ್ಲಿ ಇಂಥದ್ದೇ ಕಂಡಿತು. ಗಡಿಯ ಮೇಲೆ ಮೀಥೈಲ್ ಗುರುತು ಬಿದ್ದು ಸಿಟಿಸಿಎಫ್‌ಗೆ ಕೂರಲು ಆಗಿರಲಿಲ್ಲ. ಗಡಿಯ ಅಕ್ಷರಗಳು ಇದ್ದ ಹಾಗೇ ಇದ್ದವು, ಆದರೂ ಕ್ಯಾನ್ಸರ್ ಬೆಳೆಸುವ ಜೀನ್ ಎದ್ದಿತ್ತು.

ಹಾಗಂತ ‘ಎಲ್ಲಾ ಬದುವಿನ ಮಹಿಮೆ’ ಅಂತಲೂ ಕುಣಿಯಬೇಡಿ. 2017ರಲ್ಲಿ ಪ್ರಯೋಗಾಲಯದ ಕೋಶಗಳಿಂದ ಕೊಹೆಸಿನ್ ತೆಗೆದಾಗ ಕುಣಿಕೆಗಳು ಮಾಯವಾದವು. ಆದರೆ ಕೆಲವೇ ಗಂಟೆಗಳಲ್ಲಿ ಅಳೆದಾಗ ಹೆಚ್ಚಿನ ಜೀನ್‌ಗಳ ಕೆಲಸ ಅಷ್ಟೇನೂ ಬದಲಾಗಿರಲಿಲ್ಲ. ಕೆಲವು ಬದು ಒಡೆದರೆ ಏನೂ ಆಗಲ್ಲ, ಕೆಲವು ಒಡೆದರೆ ಬೆಳೆಯೇ ಹೋಗುತ್ತೆ. ಯಾವುದು ಅಂತ ಒಂದೊಂದಾಗಿ ನೋಡಿಯೇ ತಿಳಿಯಬೇಕು.

ಉಗುಳಿನ ರಿಪೋರ್ಟುಗಳು ಹೆಚ್ಚಾಗಿ ನೋಡೋದು ಮೊದಲೇ ಆಯ್ದಿಟ್ಟ ಅಕ್ಷರಗಳನ್ನು, ಗಡಿಗಳನ್ನಲ್ಲ. ಅದರ ಹಸಿರು ಬಣ್ಣ ನಂಬಿ ನಿರಾಳವಾಗೋದು ನಿಮ್ಮಿಷ್ಟ. ಆದರೆ ಬೆರಳು ಸೊಟ್ಟಗಿರುವ ಮಗುವಿಗೆ ‘ಜೀನ್ ನಾರ್ಮಲ್’ ಅಂತ ಬಂದಾಗ, ‘ಬಸುರಿಯಲ್ಲಿ ಏನು ತಿಂದಳೋ’ ಅಂತ ತಾಯಿಯ ಮೇಲೆ ತಪ್ಪು ಹೊರಿಸ್ತೀವಲ್ಲ, ಅದು ಅನ್ಯಾಯ. ಜೆನೆಟಿಕ್ಸ್ ಡಾಕ್ಟರ ಹತ್ರ ಹೋಗಿ. ‘ಜೀನ್ ನೋಡಿದ್ರಿ ಸರಿ, ಅದರ ಸುತ್ತಲಿನ ಗಡಿ ನೋಡಿದ್ರಾ?’ ಅಂತ ಕೇಳಿ.