ಕಾಗದ ಬಂದಿದೆ, ಅಕ್ಷರವೆಲ್ಲಿ?

ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟರೆ ಹೊಸದನ್ನು ಹಾಕಿಸಿದರಾಯಿತು ಎಂದು ಸುಲಭವಾಗಿ ಹೇಳಿಬಿಡುವವರು ಆ ಡಿಸ್ಕಿನೊಳಗೆ ಕನ್ನಡದ ಕಾಗದಗಳನ್ನು ಕೂಡಿಟ್ಟವರಲ್ಲವೆಂದೇ ನನ್ನ ಎಣಿಕೆ. ಕುಮಾರಪಟ್ಟಣದ ನಮ್ಮ ಮನೆಯ ಯಂತ್ರಕ್ಕೂ ಈಚೆಗೆ ಹೊಸ ಡಿಸ್ಕ್ ಬಂದಿತು. ಹೊಳೆಯಾಚೆಯ ಹರಿಹರದಿಂದ ಬಂದ ತರುಣನು ಮಿಂಚಂಚೆಯ ತಂತ್ರಾಂಶವನ್ನು ಮತ್ತೆ ಸ್ಥಾಪಿಸಿ, ವಿಳಾಸ ಗುಪ್ತಪದಗಳನ್ನು ತುಂಬಿ, "ಎಲ್ಲಾ ಸರಿ ಆತ್ರೀ ಸರ" ಎಂದು ಎದ್ದನು. ಹೊಸ ಕಾಗದಗಳು ಬಂದುವು, ನಿಜ. ಆದರೆ ರಾಣೆಬೆನ್ನೂರಿನ ನನ್ನ ಗುರುಗಳು 2005ರ ಸುಮಾರಿಗೆ, ತಮ್ಮ ಕೊನೆಯ ದಿನಗಳಲ್ಲಿ, ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಕುರಿತು ಬರೆದ ಓಲೆಗಳಲ್ಲಿ ಒಂದೂ ಕಾಣಲಿಲ್ಲ.

ಕಾರಣ ಗೂಢವಾದುದಲ್ಲ. ಅಂಚೆಯನ್ನು ತರುವ ಪದ್ಧತಿಗಳು ಮುಖ್ಯವಾಗಿ ಎರಡು. ಐಮ್ಯಾಪ್ ಎಂಬುದರಲ್ಲಿ ಮೂಲಪ್ರತಿಯು ಸರ್ವರಿನಲ್ಲಿಯೇ ಉಳಿಯುತ್ತದೆ. ಪಾಪ್ ಎಂಬ ಹಳೆಯ ಪದ್ಧತಿಯಲ್ಲಿ ಕಾಗದವು ಮನೆಯ ಯಂತ್ರಕ್ಕೆ ಇಳಿದ ಮೇಲೆ, ಬೇರೆ ಏರ್ಪಾಡು ಮಾಡಿರದಿದ್ದರೆ, ಸರ್ವರಿನ ಪ್ರತಿ ಅಳಿಸಿಹೋಗುತ್ತದೆ. ನಮ್ಮದು ಪಾಪ್. ಓಲೆಗಳೆಲ್ಲ ಹಳೆಯ ಡಿಸ್ಕಿನೊಳಗೆ, ಥಂಡರ್‌ಬರ್ಡ್ ತಂತ್ರಾಂಶದ ಪ್ರೊಫೈಲ್ ಕೋಶದಲ್ಲಿದ್ದುವು. ಔಟ್‌ಲುಕ್ ಆಗಿದ್ದರೆ ಪಿಎಸ್‌ಟಿ ಎಂಬ ಕಡತದಲ್ಲಿರುತ್ತಿದ್ದುವು. ಪುಣ್ಯಕ್ಕೆ ಆ ಡಿಸ್ಕಿನಲ್ಲಿ ಇನ್ನೂ ಕುಟುಕುಜೀವವಿದ್ದಿತು. ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿಟ್ಟು ಜೋಡಿಸಿ ಪ್ರೊಫೈಲನ್ನು ನಕಲು ಮಾಡಿದೆವು. ಓಲೆಗಳು ಬಂದುವು.

ಅಕ್ಷರಗಳು ಬರಲಿಲ್ಲ! ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ, ಟೋಪಿ. "ಕೆಟ್ಟು ಹೋಗ್ಯಾವ್ರೀ, ಅಳಿಸ್ಲೇನ್ರೀ?" ಎಂದನು ತರುಣ. ಅವನನ್ನು ದೂರಲಾರೆ, ಕಸದಂತೆಯೇ ಕಾಣುತ್ತಿದ್ದುವು. ಆದರೆ ಕೆಟ್ಟದ್ದು ಕಾಗದವಲ್ಲ. ಆಗಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದುವು. ಯಂತ್ರದ ಪಾಲಿಗೆ ಅದು ಎಂದೂ ಕನ್ನಡವಾಗಿರಲಿಲ್ಲ. ಫಾಂಟು ತೊಡಿಸಿದ ವೇಷವದು. ನುಡಿಯದೊಂದು ಕ್ರಮ, ಶ್ರೀಲಿಪಿಯದೊಂದು, ಆಕೃತಿಯದು ಇನ್ನೊಂದು. ಹೊಸ ಡಿಸ್ಕಿನಲ್ಲಿ ಆ ಫಾಂಟುಗಳೇ ಇರಲಿಲ್ಲ. ನುಡಿಯನ್ನು ಸ್ಥಾಪಿಸಿ, ಕಾಗದವನ್ನು ತೋರಿಸುವ ಫಾಂಟೆಂದು ಅದನ್ನೇ ಆರಿಸಿದೊಡನೆ ಗುರುಗಳ ಮಾತು ಎದ್ದು ಕುಳಿತಿತು: ಹರಗುವುದಕ್ಕೂ ಎಡೆ ಹೊಡೆಯುವುದಕ್ಕೂ ಇರುವ ಭೇದ.

1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ದೊರೆತಿದ್ದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟೂ ಬಂದಿತು. ಅದರ ಹೆಸರು ತುಂಗಾ, ನಮ್ಮ ಹೊಳೆಯವರಿಗೆ ಹಿಗ್ಗಲು ಅಷ್ಟು ಸಾಕು. ಆದರೂ ಪುಟ ಕಟ್ಟುವ ತಂತ್ರಾಂಶಗಳಿಗೆ ಹೊಂದದೆಂದು ನಾವು ಬಹುಕಾಲ ಬಾಡಿಗೆಯ ಮನೆಗಳಲ್ಲಿಯೇ ಉಳಿದೆವು.

ಹಿಂದಿನವರ ಪತ್ರಗಳನ್ನು ಟ್ರಂಕುಗಳಿಂದ ತೆಗೆದು ಅಚ್ಚು ಹಾಕಿಸುವ ನಮ್ಮ ಕನ್ನಡ ವಿಭಾಗಗಳು ಈ ಓಲೆಗಳನ್ನೂ ಈಗಲೇ ಕೇಳಿ ಪಡೆಯಬೇಕು. ಬರೆದವರ, ಪಡೆದವರ ಹೆಸರಿನ ಜೊತೆಗೆ ಫಾಂಟಿನ ಹೆಸರನ್ನೂ ದಾಖಲಿಸಬೇಕು. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ತಿರುಗಿಸಲಿ; ಮೂಲವನ್ನು ಮಾತ್ರ ಅಳಿಸಬಾರದು. ಓಲೆಯ ನಡುವೆ ಇಂಗ್ಲಿಷ್ ಪದವೊಂದು ಬಂದಿದ್ದರೆ ಪರಿವರ್ತಕವು ಅದನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಕನ್ನಡ ಮಾಡುತ್ತದೆ, ಮುಂದಿನ ಸಂಶೋಧಕನೊಬ್ಬ ಅದನ್ನು ರಾಣೆಬೆನ್ನೂರು ಸೀಮೆಯ ಅಪೂರ್ವ ಪದವೆಂದು ನಿಘಂಟಿಗೆ ಸೇರಿಸಿಯಾನು.