ಗುಳೆ ಹೋದ ಮಗುವಿನ ಹಾಜರಿ

ರಾಯಚೂರು, ಯಾದಗಿರಿ ಕಡೆಯ ಹಳ್ಳಿಶಾಲೆಗಳಲ್ಲಿ ದೀಪಾವಳಿ ಕಳೆದಂತೆ ಹಾಜರಿ ಇಳಿಯುತ್ತದೆ. ಅಪ್ಪ-ಅಮ್ಮ ಕಬ್ಬು ಕಡಿಯಲೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೊರಟರೆ ಮಕ್ಕಳೂ ಹೊರಡುತ್ತವೆ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಕೂಸನ್ನು ಕಾಯುವವಳು ಎಂಟು ವರ್ಷದ ಅಕ್ಕ. ಇದನ್ನು ಪೋಷಕರ ಅಸಡ್ಡೆ ಎನ್ನುವುದು ಸುಲಭ, ನ್ಯಾಯವಲ್ಲ. ಸರ್ಕಾರ ಏನೂ ಮಾಡಿಲ್ಲವೆಂದಲ್ಲ: ಶಾಲಾ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ರಾಜ್ಯದ ಉತ್ತರದ 7 ಜಿಲ್ಲೆಗಳಲ್ಲಿ. ಆದರೆ ಬಿಸಿಯೂಟ ಊರಲ್ಲಿರುವ ಮಗುವನ್ನು ಶಾಲೆಗೆ ಕರೆಯಬಲ್ಲದು, ಊರು ಬಿಟ್ಟ ಮಗುವನ್ನಲ್ಲ. ವರ್ಗಾವಣೆ ಪತ್ರ ತಡವಾದರೂ ಹೋದ ಊರಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದಲ್ಲ ಎನ್ನಬಹುದು. ಹೇಳುತ್ತದೆ, ಸರಿ, ಒಂದು ದಿನದ ಕೂಲಿ ಬಿಟ್ಟು ಹೆಡ್‌ಮಾಸ್ತರರ ಮುಂದೆ ನಿಲ್ಲುವವರು ಯಾರು? ಅದಕ್ಕೇ ಊರಲ್ಲೇ ಋತುಮಾನದ ವಸತಿ ವ್ಯವಸ್ಥೆ, ಕೆಲಸದ ಜಾಗದಲ್ಲಿ ಶಿಶುಪಾಲನಾ ಕೇಂದ್ರ ಬೇಕು. ವಸತಿ ಶಾಲೆ ಮಕ್ಕಳನ್ನು ತಾಯಿಯಿಂದ ಅಗಲಿಸುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೆ ಅಜ್ಜಿಯ ಬಳಿ ಉಳಿಯುವ ಮಗುವಿಗೆ ಶಾಲೆಯಲ್ಲೇ ರಾತ್ರಿಯ ಊಟವನ್ನೂ ಕೊಡಲಿ.