ಕುದುರೆಯ ಅಂಗಳದಲ್ಲಿ ನಾಯಿಯ ಪಾಠ

ನಾಯಿಯ ಮಾತೆತ್ತಿದರೆ ಸಾಕು, ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ಎರಡು ಪಕ್ಷಗಳಾಗಿಬಿಡುತ್ತವೆ. ಒಂದು ಪಕ್ಷಕ್ಕೆ ನಾಯಿ ಮನೆಯ ಮಗು. ಇನ್ನೊಂದಕ್ಕೆ ಅದು ಬೀದಿಗೆ ಬಂದ ಪೀಡೆ. ಬಡಾವಣೆಯ ಸಂಘದ ಸಭೆಯಲ್ಲಿ ಎರಡೂ ಪಕ್ಷದವರು ಗಂಟಲು ಹರಿಯುವಂತೆ ಕೂಗಾಡುತ್ತಾರೆ, ಆಮೇಲೆ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ನಾಯಿ, ಅದೇ ಪಾರ್ಕು, ಅದೇ ಜಗಳ. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಈ ಎರಡೂ ಪಕ್ಷದವರ ಮೇಲೆ ಸಿಟ್ಟಿದೆ. ಆ ಸಿಟ್ಟಿಗೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಫೋನು ಮಾಡಿದಾಗ ಒಂದು ಸುದ್ದಿ ಹೇಳಿದಳು. "ಮಿಸ್, ವಾರಕ್ಕೊಂದು ಸಲ ನಮ್ಮನೆ ನಾಯಿನ ಕುದುರೆ ಸವಾರಿ ಶಾಲೆಗೆ ಕರ್ಕೊಂಡು ಹೋಗ್ತೀವಿ. ಕುದುರೆಗಳು ಇಲ್ಲದ ಹೊತ್ತಲ್ಲಿ ಆ ಜಾಗನ ನಾಯಿಗಳಿಗೆ ಬಾಡಿಗೆಗೆ ಕೊಡ್ತಾರೆ" ಎಂದಳು. ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ತಡ, ನಗೆಯೋ ನಗೆ. "ನಾಯಿಗೂ ಛತ್ರ ಬುಕ್ ಮಾಡೋ ಕಾಲ ಬಂತು ಬಿಡ್ರೀ" ಎಂದರು ಒಬ್ಬರು. "ಮನುಷ್ಯರಿಗೇ ಜಾಗ ಇಲ್ಲ, ನಾಯಿಗಂತೆ" ಎಂದರು ಇನ್ನೊಬ್ಬರು. ನಗುವಂಥದ್ದು ಇದರಲ್ಲಿ ಏನಿದೆ ಎಂದು ನನಗೆ ಅರ್ಥವಾಗಲಿಲ್ಲ. ನಮ್ಮ ಊರಿಗೆ ತುರ್ತಾಗಿ ಬೇಕಾದ ವ್ಯವಸ್ಥೆ ಅದು ಎಂದೇ ನನಗೆ ಕಂಡದ್ದು.

ಆ ಜಾಗ ಹೇಗಿರುತ್ತದೆ ಎಂದು ಮೊದಲು ತಿಳಿಯೋಣ. ಸುತ್ತ ಗೋಡೆ, ಮೇಲೆ ಎತ್ತರದ ತಗಡಿನ ಸೂರು, ಕೆಳಗೆ ದಪ್ಪನಾಗಿ ಹಾಸಿದ ಮರಳು. ಚಿಕ್ಕ ಅಂಗಳವೆಂದರೂ 20 ಮೀಟರ್ ಅಗಲ, 40 ಮೀಟರ್ ಉದ್ದ. ನಮ್ಮ ಬಡಾವಣೆಯ ಲೆಕ್ಕದಲ್ಲಿ ಹೇಳುವುದಾದರೆ 30-40ರ ಏಳು ಸೈಟುಗಳಷ್ಟು. ಬಾಗಿಲು ಹಾಕಿದರೆ ನಾಯಿ ಹೊರಗೆ ಓಡಿಹೋಗುವಂತಿಲ್ಲ, ಹೊರಗಿನ ನಾಯಿ ಒಳಗೆ ಬರುವಂತಿಲ್ಲ. ಮಳೆ ಬಂದರೆ ನೆನೆಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಟಾರು ರಸ್ತೆಯ ಮೇಲೆ ಅಂಗಾಲು ಸುಟ್ಟುಕೊಳ್ಳುವ ಪ್ರಾಣಿಗೆ ನೆರಳಿನ ಮರಳು ಹಿತವಾಗಿರುತ್ತದೆ. ಕುದುರೆ ಸಾಕಿದವರಿಗೂ ಇದರಿಂದ ನಷ್ಟವಿಲ್ಲ. ಸವಾರಿ ಕಲಿಯಲು ಜನ ಬರಲಿ ಬಿಡಲಿ, ಹುಲ್ಲು, ಹುರುಳಿ, ಲಾಳ, ಲಾಯದ ಆಳಿನ ಸಂಬಳ ಯಾವುದೂ ನಿಲ್ಲುವುದಿಲ್ಲ. ಸವಾರಿ ನಡೆಯುವುದು ಹೆಚ್ಚಾಗಿ ಬೆಳಿಗ್ಗೆ, ಸಂಜೆ. ನಡುವಿನ ಹೊತ್ತು ಅಂಗಳ ಖಾಲಿ. ಖಾಲಿ ಹೊತ್ತನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಕುದುರೆಯ ಹುಲ್ಲಿಗೂ ದಾರಿಯಾಯಿತು, ನಾಯಿಗೂ ಜಾಗವಾಯಿತು.

"ಕುದುರೆ ಎಲ್ಲಿ, ನಾಯಿ ಎಲ್ಲಿ" ಎಂದು ಮೂಗು ಮುರಿಯುವವರಿಗೆ ಮೊದಲ ಉತ್ತರ. ನಮ್ಮ ದೇಶದ ಸೈನ್ಯದಲ್ಲಿ ಕುದುರೆ, ಹೇಸರಗತ್ತೆ, ನಾಯಿ ಮೂರನ್ನೂ ನೋಡಿಕೊಳ್ಳುವುದು ಒಂದೇ ವಿಭಾಗ, ರಿಮೌಂಟ್ ಅಂಡ್ ವೆಟರ್ನರಿ ಕೋರ್. ಅದರ ಕೇಂದ್ರ ಮೀರತ್‌ನಲ್ಲಿದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗಳು 2016ರಲ್ಲಿ ತರಬೇತಿಗೆಂದು ಹೋದದ್ದು ಅಲ್ಲಿಗೇ. ಅಷ್ಟು ದೂರವೇಕೆ, ನಮ್ಮ ಕನಕಪುರ ರಸ್ತೆಯ ಕಡೆ ತರಳುವಿನಲ್ಲಿ ಸಿ.ಆರ್.ಪಿ.ಎಫ್.ನವರ ನಾಯಿ ತರಬೇತಿ ಶಾಲೆಯೇ ಇದೆ. ನಾಯಿಗೆ ಪಾಠ ಬೇಕು, ಪಾಠಕ್ಕೆ ಅಂಗಳ ಬೇಕು ಎನ್ನುವುದು ಸರ್ಕಾರಕ್ಕೆ ಗೊತ್ತಿದೆ. ಗೊತ್ತಿಲ್ಲದಿರುವುದು ಮೂರನೆಯ ಮಹಡಿಯ ಫ್ಲಾಟಿನಲ್ಲಿ ಸೈಬೀರಿಯಾದ ನಾಯಿಯನ್ನು ಸಾಕುವ ನಮಗೆ.

ನಾಯಿಗೆ ಮಾನ ಕೊಡುವುದು ಪರದೇಶದ ಫ್ಯಾಷನ್ನು ಎನ್ನುವವರು ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲನ್ನು ನೆನೆಸಿಕೊಳ್ಳಬೇಕು. ಹತ್ತನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಗಂಗರ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಸಾವಿರ ವರ್ಷದ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ನಾಡಿಗೆ ಈಗ ಅರ್ಧ ಗಂಟೆಯ ಮರಳು ಹೆಚ್ಚಾಯಿತೇ?

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೇ ಆಟದ ಬಯಲಿಲ್ಲದ ಊರಿನಲ್ಲಿ ನಾಯಿಗೆ ಅಂಗಳವೇ ಎನ್ನುತ್ತಾರೆ. 2022ರ ಮೇ ತಿಂಗಳಲ್ಲಿ ದಿಲ್ಲಿಯ ತ್ಯಾಗರಾಜ ಕ್ರೀಡಾಂಗಣದ ಸುದ್ದಿ ಪತ್ರಿಕೆಗಳಲ್ಲಿ ಬಂತಲ್ಲ, ಅದನ್ನೇ ನೋಡಿ. ಒಬ್ಬ ಹಿರಿಯ ಐ.ಎ.ಎಸ್. ಅಧಿಕಾರಿ ತಮ್ಮ ನಾಯಿಯೊಡನೆ ಅಡ್ಡಾಡಲೆಂದು ಅಭ್ಯಾಸ ಮಾಡುವ ಹುಡುಗ ಹುಡುಗಿಯರನ್ನು ಸಂಜೆ ಬೇಗನೆ ಹೊರಗೆ ಕಳಿಸುತ್ತಾರೆಂದು ದೂರು ಎದ್ದಿತು. ಕೇಂದ್ರ ಸರ್ಕಾರ ಅವರನ್ನು ಲಡಾಖಿಗೆ ವರ್ಗ ಮಾಡಿತು. ಜನ ಸಿಟ್ಟಾದದ್ದು ಸರಿಯೇ. ಆದರೆ ಅಲ್ಲಿ ತಪ್ಪು ನಾಯಿಯದಾಗಿತ್ತೇ? ಸಾರ್ವಜನಿಕರ ಜಾಗವನ್ನು, ಮಕ್ಕಳು ಓಡಬೇಕಾದ ಹೊತ್ತಿನಲ್ಲಿ, ದರ್ಪದಿಂದ ಕಿತ್ತುಕೊಂಡದ್ದು ತಪ್ಪು. ಒಬ್ಬರ ಸ್ವಂತ ಅಂಗಳವನ್ನು ಅದು ಖಾಲಿ ಇರುವ ಹೊತ್ತಿನಲ್ಲಿ ದುಡ್ಡು ಕೊಟ್ಟು ಪಡೆಯುವುದು ಬೇರೆಯೇ ಮಾತು. ಅದರಿಂದ ಯಾವ ಮಗುವಿನ ಆಟವೂ ಹೋಗುವುದಿಲ್ಲ. ಬಾಡಿಗೆಯ ಅಂಗಳವಿದ್ದರೆ ಮಕ್ಕಳ ಪಾರ್ಕು ಮಕ್ಕಳಿಗೆ ಉಳಿಯುತ್ತದೆ.

ಈಗ ಉಳಿಯುತ್ತಿದೆಯೇ? ಎಲ್ಲರ ಕಣ್ಣಿಗೆ ಬಿದ್ದ ಉದಾಹರಣೆ ಕಬ್ಬನ್ ಪಾರ್ಕಿನದು. ಅಲ್ಲಿಗೆ 2022ರ ಜುಲೈ 1ರಿಂದ ಸಾಕುನಾಯಿಗಳನ್ನು ತರುವಂತಿಲ್ಲ ಎಂದು ತೋಟಗಾರಿಕೆ ಇಲಾಖೆ ಹೊರಟಿತು. ನಾಯಿ ಸಾಕಿದವರು ಗಲಾಟೆ ಎಬ್ಬಿಸಿದರು, ಇಲಾಖೆ ಹಿಂದೆ ಸರಿಯಿತು. ಇವರಿಗೆ ಬೇರೆ ಜಾಗವಿಲ್ಲ, ಅವರಿಗೆ ನೆಮ್ಮದಿಯಿಲ್ಲ. ಕಬ್ಬನ್ ಪಾರ್ಕಿನಲ್ಲಾದರೆ ದೂರ ಸರಿದು ಕೂರಬಹುದು. ನಮ್ಮ ಕಡೆಯ ಪಾರ್ಕುಗಳಲ್ಲಿ ಒಂದು ನಡೆಯುವ ದಾರಿ, ನಾಲ್ಕು ಬೆಂಚು, ಒಂದು ಜಾರುಬಂಡೆ. ಅಲ್ಲಿ ನಾಯಿ ಬಂದರೆ ಮಗು ಎಲ್ಲಿ ಸರಿಯಬೇಕು?

ಇನ್ನು ನಾಯಿ ಸಾಕಿದವರ ಪಾಲಿಗೆ ಬರುತ್ತೇನೆ. ಅವರ ಬಾಯಲ್ಲಿ ಒಂದು ವಾಕ್ಯ ಸದಾ ಸಿದ್ಧವಾಗಿರುತ್ತದೆ: "ಏನೂ ಮಾಡಲ್ಲ ಮೇಡಂ, ಆಟ ಆಡ್ತಾನೆ ಅಷ್ಟೆ." ನನ್ನ ತರಗತಿಯ ಹುಡುಗಿಯೊಬ್ಬಳು ಸಂಜೆ ಟ್ಯೂಷನ್ನಿಗೆ ಹೋಗುವಾಗ ಹೀಗೆ ಆಟವಾಡುವ ನಾಯಿಯೊಂದು ಸರಪಳಿ ಕಿತ್ತುಕೊಂಡು ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಕಚ್ಚಿದ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು. ರೇಬಿಸ್ ಒಮ್ಮೆ ತಲೆದೋರಿದರೆ ಉಳಿಸುವ ಔಷಧವಿಲ್ಲವಾದ್ದರಿಂದ ಒಂದನ್ನೂ ತಪ್ಪಿಸುವಂತಿಲ್ಲ. ಅವಳ ತಾಯಿ ಮನೆಗೆಲಸಕ್ಕೆ ಹೋಗುವವರು. ನಾಲ್ಕು ದಿನದ ಕೂಲಿ ಹೋಯಿತು. ನಾಯಿಯ ಯಜಮಾನರು ಆಟೋ ಖರ್ಚು ಕೊಟ್ಟು ಕೈತೊಳೆದುಕೊಂಡರು. ಹುಡುಗಿ ನನಗೆ ಹೇಳಿದ್ದು ಇಷ್ಟೇ: "ಮಿಸ್, ನಾನು ಇನ್ಮೇಲೆ ಆ ರಸ್ತೇಲಿ ಬರಲ್ಲ." ಅಂದಿನಿಂದ ಅವಳು ಎರಡು ಅಡ್ಡರಸ್ತೆ ಸುತ್ತಿ ಬರುತ್ತಾಳೆ. ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯಬಲ್ಲ ರಸ್ತೆಗಳು ಮೊದಲೇ ಕಡಿಮೆ. ಅದರಲ್ಲಿ ಇನ್ನೊಂದು ಹೋಯಿತು.

ಬೀದಿನಾಯಿಗಳ ಸಮಸ್ಯೆ ಬೇರೆ, ಅದು ದೊಡ್ಡದು. ಜ್ಞಾನಭಾರತಿ ಆವರಣದಲ್ಲಿ 2025ರ ಆಗಸ್ಟಿನಲ್ಲಿ ಇಬ್ಬರು ವಿದ್ಯಾರ್ಥಿನಿಯರ ಮೇಲೆ ಬೀದಿನಾಯಿಗಳು ಎರಗಿದಾಗ ನಮ್ಮ ಕಡೆಯವರೆಲ್ಲ ಬೆಚ್ಚಿದ್ದು ನಿಜ. ಅದನ್ನು ಸರ್ಕಾರ, ಪಾಲಿಕೆ, ನ್ಯಾಯಾಲಯಗಳು ನೋಡಿಕೊಳ್ಳಬೇಕು. ಆದರೆ ಈ ಹುಡುಗಿಯನ್ನು ಕಚ್ಚಿದ್ದು ಕೊರಳಪಟ್ಟಿ ಇದ್ದ ನಾಯಿ, ಬಿಸ್ಕತ್ತು ತಿಂದು ಸೋಫಾದ ಮೇಲೆ ಮಲಗುವ ನಾಯಿ. ಅದಕ್ಕೆ ನ್ಯಾಯಾಲಯ ಏನು ಮಾಡೀತು? ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಕ್ರೂರವೆನ್ನಿಸಿದ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲಿನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ತಳಿಯ ಹೆಸರು ನೋಡಿ ಬಾಗಿಲು ಹಾಕುವುದು ಸುಲಭ, ಸಾಕುವವರಿಗೆ ಹೊಣೆ ಹೊರಿಸುವುದು ಕಷ್ಟ. ನಮಗೆ ಉಳಿದಿರುವುದು ಆ ಕಷ್ಟದ ದಾರಿಯೇ.

ಆ ದಾರಿಯ ಹೆಸರು ತರಬೇತಿ. ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಅದರ ಮನಸ್ಸು ಹಸಿಮಣ್ಣಿನಂತೆ. ಆಗ ಕಂಡ ಜನ, ಕೇಳಿದ ಸದ್ದು, ಮೂಸಿದ ವಾಸನೆಗಳಿಗೆ ಅದು ಮುಂದೆ ಬೆದರುವುದು ಕಡಿಮೆ. ಆ ವಾರಗಳನ್ನು ಬಾಲ್ಕನಿಯ ಗ್ರಿಲ್ಲಿನ ಹಿಂದೆ ಕಳೆದ ನಾಯಿ ದೊಡ್ಡದಾದ ಮೇಲೆ ಛತ್ರಿ ಹಿಡಿದವರನ್ನು, ಸೈಕಲ್ಲಿನಲ್ಲಿ ಹೋಗುವವರನ್ನು, ಓಡುವ ಮಕ್ಕಳನ್ನು ಕಂಡರೆ ಹೆದರುತ್ತದೆ, ಹೆದರಿದ್ದು ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚೋಲ್ಲ ಎಂಬ ಗಾದೆಯನ್ನು ನಂಬಿ ಹತ್ತಿರ ಹೋಗಬೇಡಿ. ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎಂಬ ಇನ್ನೊಂದು ಗಾದೆಯನ್ನಂತೂ ನಾನು ಒಪ್ಪುವುದೇ ಇಲ್ಲ. ಹಿಂದಿನ ಬೆಂಚಿನ ಹುಡುಗರ ಬಗ್ಗೆಯೂ ಜನ ಇದೇ ಗಾದೆ ಹೇಳುತ್ತಾರೆ. ಕಲಿಸುವವರಿಗೆ ಮೈಗಳ್ಳತನವಿದ್ದಾಗ ಒದಗಿ ಬರುವ ಗಾದೆ ಅದು.

ಕಲಿಸಬೇಕಾದದ್ದೂ ಬಹಳವಿಲ್ಲ. ಕರೆದರೆ ಬರುವುದು, ಕೂರು ಎಂದರೆ ಕೂರುವುದು, ಬಿಡು ಎಂದರೆ ಬಾಯಲ್ಲಿದ್ದುದನ್ನು ಬಿಡುವುದು, ಎಳೆಯದೆ ಪಕ್ಕದಲ್ಲಿ ನಡೆಯುವುದು. ಇದರಲ್ಲಿ ಕರೆದರೆ ಬರುವುದನ್ನು ಸರಪಳಿ ಬಿಚ್ಚದೆ ಕಲಿಸಿ ಮುಗಿಸಲಾಗುವುದಿಲ್ಲ. ಸರಪಳಿಯನ್ನು ರಸ್ತೆಯಲ್ಲಿ ಬಿಚ್ಚುವಂತಿಲ್ಲ, ಪಾರ್ಕಿನಲ್ಲಿ ಬಿಚ್ಚಬಾರದು. ಗೋಡೆಯಿರುವ ಅಂಗಳ ಬೇಕಾದದ್ದು ಈ ಒಂದು ಕಾರಣಕ್ಕೆ. ಪಾಠದಲ್ಲಿ ಅರ್ಧ ಯಜಮಾನರಿಗೆ ಎಂಬುದನ್ನೂ ಮರೆಯಬಾರದು. ಒಂದು ದಿನ ಸೋಫಾ ಹತ್ತಿದ್ದಕ್ಕೆ ಮುದ್ದು, ಮರುದಿನ ಅದಕ್ಕೇ ಹೊಡೆತ ಎಂದರೆ ಮಕ್ಕಳೂ ಕಲಿಯುವುದಿಲ್ಲ.

ಇಲ್ಲಿ ಹೆಂಗಸರ ವಿಷಯವನ್ನೂ ಹೇಳಲೇಬೇಕು. ನಾಯಿ ಬೇಕೆಂದು ಹಟ ಹಿಡಿಯುವುದು ಮಕ್ಕಳು, ದುಡ್ಡು ಕೊಟ್ಟು ತರುವುದು ಗಂಡಸರು, ಬೆಳಗಿನ ಐದೂವರೆಗೆ ಅದನ್ನು ಹೊರಗೆ ಕರೆದೊಯ್ಯುವುದು ಯಾರು? ಮನೆಯ ಹೆಂಗಸು, ಇಲ್ಲವೇ ಮನೆಗೆಲಸದವಳು. ನಲವತ್ತು ಕಿಲೋ ತೂಕದ ಲ್ಯಾಬ್ರಡಾರ್ ಎಳೆದರೆ ಐವತ್ತು ಕಿಲೋ ತೂಕದ ಹೆಂಗಸು ಎಲ್ಲಿ ನಿಂತಾಳು? ಪಾತ್ರೆ, ಕಸಮುಸುರೆಗೆಂದು ಗೊತ್ತುಮಾಡಿಕೊಂಡವಳ ಕೈಗೆ ಸರಪಳಿಯನ್ನೂ ಕೊಟ್ಟು, ಸಂಬಳ ಮಾತ್ರ ಅಷ್ಟೇ ಇಡುವುದು ನಮ್ಮ ಮಧ್ಯಮವರ್ಗದ ಜಾಣತನ. ಪಾಠ ಕಲಿತ ನಾಯಿಯಿಂದ ಮೊದಲು ಉಳಿಯುವುದು ಈ ಹೆಂಗಸರ ಭುಜ, ಮೊಣಕಾಲು.

ಹಾಗೆಂದು ಬಾಗಿಲು ತೆಗೆದು ಯಾರು ಬೇಕಾದರೂ ಬನ್ನಿ ಎನ್ನುವುದಲ್ಲ. ಬಾಡಿಗೆಗೆ ಕೊಡುವವರು ನಾಲ್ಕು ಕಟ್ಟುಪಾಡು ಹಾಕಲೇಬೇಕು. ರೇಬಿಸ್ ಮತ್ತು ಪಾರ್ವೊ ಲಸಿಕೆಯ ಪುಸ್ತಕ ತೋರಿಸದೆ ಪ್ರವೇಶವಿಲ್ಲ. ಪಾರ್ವೊ ರೋಗದ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾಯಿಯ ಹೇಲನ್ನು ಯಜಮಾನರೇ, ಸ್ವಂತ ಕೈಯಿಂದ, ಆಗಲೇ ಎತ್ತಬೇಕು. ಅದರಲ್ಲಿನ ಕೊಕ್ಕೆಹುಳುವಿನ ಮರಿಗಳು ಮರಳಿನಲ್ಲಿ ಬೆಳೆದು ಬರಿಗಾಲಿನ ಚರ್ಮದೊಳಕ್ಕೆ ಹೋಗುತ್ತವೆ, ಲಾಯದ ಆಳು ಅಲ್ಲಿ ಬರಿಗಾಲಿನಲ್ಲೇ ಓಡಾಡುವವನು. ಕುದುರೆಯ ಲದ್ದಿಯನ್ನು ಮೊದಲೇ ತೆಗೆದಿರಬೇಕು. ಜಂತುಹುಳುವಿಗೆ ಐವರ್‌ಮೆಕ್ಟಿನ್ ಕೊಟ್ಟ ಕುದುರೆಯ ಲದ್ದಿಯನ್ನು ತಿಂದರೆ ಕೋಲಿ ತಳಿಯ ನಾಯಿಗಳಿಗೆ ಅದು ವಿಷವಾಗಬಹುದು. ಕುದುರೆ ಇರುವಾಗ ನಾಯಿ ಒಳಗಿರಬಾರದು. ಬೆದರಿದ ಕುದುರೆಯ ಬೆನ್ನ ಮೇಲೆ ಯಾರದೋ ಮಗು ಕೂತಿರುತ್ತದೆ. ಇವಿಷ್ಟನ್ನು ಒಪ್ಪದವರಿಗೆ ಎಷ್ಟು ದುಡ್ಡು ಕೊಟ್ಟರೂ ಅಂಗಳ ಕೊಡಕೂಡದು.

ಕುದುರೆ ಶಾಲೆಗಳಿರುವುದು ಊರಿನ ಅಂಚಿನಲ್ಲಿ, ಅಲ್ಲಿಗೆ ಹೋಗಲು ಎಲ್ಲರ ಬಳಿ ಕಾರಿಲ್ಲ ಎನ್ನಬಹುದು. ನಿಜ. ಹಾಗಿದ್ದರೆ ನಮ್ಮ ಸುತ್ತಲೇ ಖಾಲಿ ಬಿದ್ದಿರುವ ತಗಡಿನ ಶೆಡ್ಡುಗಳು, ಗೋದಾಮುಗಳು ಎಷ್ಟಿಲ್ಲ? ಅವುಗಳ ಮಾಲೀಕರು ಒಂದಿಷ್ಟು ಮರಳು ಹಾಸಿ, ಒಂದು ನಲ್ಲಿ, ಒಂದು ದೀಪ, ಹೆಂಗಸರಿಗೊಂದು ಶೌಚಾಲಯ ಮಾಡಿದರೆ ಸಾಕು. ಶಾಲೆಯ ಅಂಗಳವನ್ನು ಮಾತ್ರ ಯಾರೂ ಕೇಳಬಾರದು. ಶಾಲೆ, ಆಸ್ಪತ್ರೆ, ಕ್ರೀಡಾಂಗಣಗಳೊಳಗೆ ಬೀದಿನಾಯಿಗಳು ಬಾರದಂತೆ ಕಾಯಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊರಳಪಟ್ಟಿ ಇದ್ದ ಮಾತ್ರಕ್ಕೆ ಸಾಕುನಾಯಿಗೆ ಅಲ್ಲಿ ರಿಯಾಯಿತಿ ಬೇಡ.

ನಾಯಿ ಸಾಕುವ ಆಸೆಗೆ ನನ್ನ ಅಡ್ಡಿಯಿಲ್ಲ. ಅದರ ಊಟಕ್ಕೆ, ಶಾಂಪೂವಿಗೆ, ಹುಟ್ಟುಹಬ್ಬದ ಕೇಕಿಗೆ ತಿಂಗಳಿಗೆ ಸಾವಿರಗಟ್ಟಲೆ ಖರ್ಚು ಮಾಡುವವರು ಅದರ ಓಟಕ್ಕೆ, ಪಾಠಕ್ಕೆ ಬಾಡಿಗೆ ಕೊಡಲು ಏಕೆ ಹಿಂದೆಗೆಯಬೇಕು? ಓದುವ ಅಕ್ಕತಂಗಿಯರಿಗೆ ನನ್ನದು ಒಂದೇ ಮಾತು. ಮುಂದಿನ ಸಲ ನಿಮ್ಮ ಬಡಾವಣೆಯ ಸಭೆಯಲ್ಲಿ ನಾಯಿಯ ಜಗಳ ಎದ್ದಾಗ ಯಾವ ಪಕ್ಷಕ್ಕೂ ಸೇರಬೇಡಿ. ಎದ್ದು ನಿಂತು, ಸಾಕಿದವರನ್ನು ಎರಡು ಪ್ರಶ್ನೆ ಕೇಳಿ: ನಿಮ್ಮ ನಾಯಿ ಎಲ್ಲಿ ಓಡುತ್ತದೆ? ಕರೆದರೆ ಬರುತ್ತದೆಯೇ? ಉತ್ತರವಿಲ್ಲದವರು ತಮ್ಮ ಖರ್ಚಿನಲ್ಲಿ ಒಂದು ಅಂಗಳ ಹುಡುಕಿಕೊಳ್ಳಲಿ. ಹುಡುಕುವವರೆಗೆ ಸರಪಳಿ ಅವರ ಕೈಯಲ್ಲೇ ಇರಲಿ, ಮನೆಗೆಲಸದವಳ ಕೈಯಲ್ಲಿ ಬೇಡ.